ಬೇಸಗೆಯ ತೋಟಕ್ಕೆ ಕಡಲಾಚೆಯ ಬಣ್ಣ

ಜನವರಿ ಕೊನೆಯ ವಾರದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಸರದಿ ಸಾಲು ಎಷ್ಟು ಉದ್ದ ಬೆಳೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಪೆಟೂನಿಯಾ, ಸಾಲ್ವಿಯಾ, ಫ್ಲಾಕ್ಸ್, ಪ್ಯಾನ್ಸಿಗಳ ರಾಶಿ ನೋಡಿ ಮರುಳಾದವರು ಮರಳುವಾಗ ನಾಲ್ಕು ಕುಂಡ ಕೊಂಡುಕೊಂಡೇ ಆಟೋ ಹತ್ತುತ್ತಾರೆ. ಶಿವರಾತ್ರಿ ಕಳೆಯುವಷ್ಟರಲ್ಲಿ ಆ ಗಿಡಗಳ ಎಲೆ ಹಳದಿ ತಿರುಗುತ್ತದೆ. ಯುಗಾದಿಯ ಹೊತ್ತಿಗೆ ಕುಂಡದಲ್ಲಿ ಉಳಿಯುವುದು ಮಣ್ಣು ಮಾತ್ರ. ತಪ್ಪು ಕೊಂಡವರದಲ್ಲ, ಗಿಡದ್ದೂ ಅಲ್ಲ. ಅವು ಚಳಿಗಾಲದ ಹೂವುಗಳು. ಮಳೆ ನಿಲ್ಲುವ ಕಾಲಕ್ಕೆ ಬಿತ್ತಿ, ಜನವರಿಯ ತಂಪಿನಲ್ಲಿ ಅರಳಿಸಿ, ಬಿಸಿಲೇರುವಾಗ ಬೀಳ್ಕೊಡಬೇಕಾದಂಥವು.

ಲಾಲ್‌ಬಾಗಿನ ದೊಡ್ಡ ಫಲಪುಷ್ಪ ಪ್ರದರ್ಶನಗಳು ನಡೆಯುವುದು ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯೋತ್ಸವಕ್ಕೆ. ನಡುವೆ ಬರುವ ಬೇಸಗೆಗೆ ಅಂಥ ಗೌರವವಿಲ್ಲ. ಆದರೆ ಅದೇ ಏಪ್ರಿಲ್ ತಿಂಗಳಲ್ಲಿ, ಬೀಗ ಹಾಕಿದ ಯಾವುದೋ ಹಳೆಯ ಬಂಗಲೆಯ ಕಾಂಪೌಂಡಿನ ಮೇಲೆ, ತಿಂಗಳುಗಟ್ಟಲೆ ಒಂದು ತಂಬಿಗೆ ನೀರನ್ನೂ ಕಾಣದ ಕಾಗದದ ಹೂವಿನ ಪೊದೆ ಕಣ್ಣು ಕೋರೈಸುವಂತೆ ಹೂಬಿಟ್ಟಿರುತ್ತದೆ. ಮೈಲಿಗಟ್ಟಲೆ ಉದ್ದದ ಹೆದ್ದಾರಿಗಳ ನಡುವಿನ ಪಟ್ಟಿಯಲ್ಲೂ ಅದೇ ಕಾಗದದ ಹೂವು, ಅದರ ಜೊತೆಗೆ ಕಣಗಿಲೆ. ಅಲ್ಲಿ ಇವನ್ನೇ ನೆಡಲು ಕಾರಣಗಳುಂಟು. ನೀರು ಕಡಿಮೆ ಸಾಕು, ಹೊಗೆ ಧೂಳನ್ನು ತಾಳುತ್ತವೆ, ದನ ಬಾಯಿ ಹಾಕುವುದಿಲ್ಲ, ರಾತ್ರಿ ಎದುರು ವಾಹನದ ದೀಪ ಕಣ್ಣಿಗೆ ಹೊಡೆಯದಂತೆ ಮರೆಯೂ ಆಗುತ್ತವೆ.

ಬೇಸಗೆಯಲ್ಲಿ ಹೂದೋಟಕ್ಕೆ ನೀರು ಹಾಕುವುದು ಈಗ ಬರೀ ಹವ್ಯಾಸದ ಮಾತಾಗಿ ಉಳಿದಿಲ್ಲ. 2023ರ ಮುಂಗಾರು ಕೈಕೊಟ್ಟು ಕೊಳವೆಬಾವಿಗಳು ಬತ್ತಿದ ಮೇಲೆ, 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ಕಟ್ಟಲು, ಕೈತೋಟಕ್ಕೆ ಬಳಸಬಾರದೆಂದು ಆದೇಶಿಸಿತು. ತಪ್ಪಿದವರಿಗೆ 5000 ರೂಪಾಯಿ ದಂಡ. ಬಯಲುಸೀಮೆಯ ಊರುಗಳಿಗೆ ಇಂಥ ಕಾಲ ಹೊಸದೇನಲ್ಲ. ಅಲ್ಲಿ ಯಾರೂ ಆದೇಶ ಹೊರಡಿಸಬೇಕಾಗಿರಲಿಲ್ಲ, ಅಷ್ಟೆ. ಹಾಗಾದರೆ ಫೆಬ್ರವರಿಯಿಂದ ಮೇ ವರೆಗೆ ಅಂಗಳ ಬೋಳಾಗಿಯೇ ಇರಬೇಕೆ? ಬೇಕಿಲ್ಲ. ಬಿಸಿಲಲ್ಲಿ ಬಣ್ಣ ತೋರುವ ಗಿಡಗಳಲ್ಲಿ ಹೆಚ್ಚಿನವು ನೀರು ಕುಡಿದು ಬೆಳೆದ ಕುಲದವಲ್ಲ. ಅವು ಎಲ್ಲಿಂದ ಬಂದವೆಂದು ತಿಳಿದರೆ, ಅವುಗಳನ್ನು ಹೇಗೆ ನೋಡಿಕೊಳ್ಳಬೇಕೆಂಬುದೂ ಅರ್ಧ ತಿಳಿದಂತೆ.

ಕಾಗದದ ಹೂವಿನಿಂದಲೇ ಆರಂಭಿಸಬಹುದು. ಇದರ ತವರು ಬ್ರೆಜಿಲ್ ಮತ್ತು ಸುತ್ತಿನ ದಕ್ಷಿಣ ಅಮೆರಿಕ. ಫ್ರಾನ್ಸಿನ ನೌಕಾಧಿಕಾರಿ ಲೂಯಿ ಆಂತ್ವಾನ್ ದ ಬೂಗನ್‌ವಿಲ್ 1766ರಲ್ಲಿ ಭೂಪ್ರದಕ್ಷಿಣೆಗೆ ಹೊರಟಾಗ ಅವನ ಹಡಗುಗಳಲ್ಲೊಂದರಲ್ಲಿ ಫಿಲಿಬೆರ್ ಕೊಮರ್ಸನ್ ಎಂಬ ಸಸ್ಯವಿಜ್ಞಾನಿಯಿದ್ದ. 1767ರಲ್ಲಿ ಹಡಗುಗಳು ರಿಯೊ ಡಿ ಜನೈರೊ ಬಂದರಿನಲ್ಲಿ ತಂಗಿದಾಗ ಈ ಬಳ್ಳಿಯ ಮಾದರಿ ಸಿಕ್ಕಿತು. ನಾಯಕನ ಹೆಸರನ್ನೇ ಅದಕ್ಕೆ ಇಡಲಾಯಿತು. ಕೊಮರ್ಸನ್ನನ ಜೊತೆಗೆ ಒಬ್ಬ ಸಹಾಯಕನಿದ್ದ. ಗುಡ್ಡ ಹತ್ತಿ, ಗಿಡ ಕಿತ್ತು, ಒಣಗಿಸಿ ಕಟ್ಟಿಡುವ ಕೆಲಸವೆಲ್ಲ ಅವನದು. ಆ ಸಹಾಯಕ ಗಂಡಸಲ್ಲ, ಗಂಡುಡುಪು ತೊಟ್ಟ ಜಾನ್ ಬಾರೆ ಎಂಬ ಹೆಂಗಸು ಎಂಬುದು ತಹಿತಿ ದ್ವೀಪದಲ್ಲಿ ಬಯಲಾಯಿತೆಂದು ಬೂಗನ್‌ವಿಲ್ ಬರೆದಿದ್ದಾನೆ. ಫ್ರೆಂಚ್ ನೌಕಾಪಡೆಯ ಹಡಗಿಗೆ ಹೆಂಗಸರು ಕಾಲಿಡುವುದೇ ನಿಷಿದ್ಧವಾಗಿದ್ದ ಕಾಲ ಅದು. ರಿಯೊದಲ್ಲಿ ಕೊಮರ್ಸನ್ ಕಾಲಿನ ಹುಣ್ಣಿನಿಂದ ನರಳುತ್ತಿದ್ದುದರಿಂದ ಈ ಬಳ್ಳಿಯನ್ನು ಕಿತ್ತು ತಂದವಳು ಬಾರೆಯೇ ಇರಬೇಕೆಂದು ಕೆಲವು ಇತಿಹಾಸಕಾರರ ಊಹೆ. ಭೂಮಿಯನ್ನು ಸುತ್ತಿ ಬಂದ ಮೊದಲ ಮಹಿಳೆ ಎಂದು ಆಕೆಯನ್ನು ಇಂದು ಗುರುತಿಸುತ್ತಾರೆ. ಬಳ್ಳಿಗೆ ಮಾತ್ರ ನಾಯಕನ ಹೆಸರೇ ಉಳಿಯಿತು. ಬಾರೆಯ ನೆನಪಿಗೆ 2012ರಲ್ಲಿ ಬದನೆ ಕುಲದ ಒಂದು ಬಳ್ಳಿಗೆ ಆಕೆಯ ಹೆಸರಿಟ್ಟರು. ತಡವಾದರೂ ಆದ ಕೆಲಸ.

ಕಾಗದದ ಹೂವಿನಲ್ಲಿ ಕಣ್ಣಿಗೆ ಕಾಣುವುದು ಹೂವಲ್ಲ. ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿದರೆ, ಬಣ್ಣದ ಮೂರು ಹಾಳೆಗಳ ನಡುವೆ ಬೆಳ್ಳಗಿನ ಮೂರು ಪುಟ್ಟ ಕೊಳವೆಗಳು ಕಾಣುತ್ತವೆ. ಅವೇ ನಿಜವಾದ ಹೂವುಗಳು. ಸುತ್ತಲಿನ ಹಾಳೆಗಳು ಬಣ್ಣ ತಿರುಗಿದ ಎಲೆಗಳು. ಸಸ್ಯಶಾಸ್ತ್ರದಲ್ಲಿ ಅವಕ್ಕೆ ಪುಷ್ಪಪತ್ರಗಳೆಂದು ಹೆಸರು. ಎಸಳು ಎರಡು ದಿನಕ್ಕೆ ಬಾಡಿದರೆ ಎಲೆ ವಾರಗಟ್ಟಲೆ ಬಾಳುತ್ತದೆ. ಈ ಬಳ್ಳಿಯ ಸೊಬಗು ದಿನಗಟ್ಟಲೆ ಮಾಸದಿರುವ ಗುಟ್ಟು ಅದೇ.

ನೀರಿನ ವಿಷಯದಲ್ಲಿ ಇದರ ಸ್ವಭಾವ ತಿಳಿಯದೆ ಮೋಸಹೋಗುವವರು ಬಹಳ. ದಿನವೂ ನೀರುಣಿಸಿ, ತಿಂಗಳಿಗೊಮ್ಮೆ ಗೊಬ್ಬರ ಹಾಕಿ, ಇಷ್ಟು ಮಾಡಿದರೂ ಬರೀ ಎಲೆ ಬರುತ್ತದಲ್ಲ ಎಂದು ಕೊರಗುತ್ತಾರೆ. ನೀರೂ ಸಾರಜನಕವೂ ಧಾರಾಳವಾಗಿ ಸಿಕ್ಕಿದಾಗ ಬಳ್ಳಿ ಮೈ ಬೆಳೆಸಿಕೊಳ್ಳುತ್ತದೆ. ಕೊರತೆ ಕಂಡಾಗ ಹೂವಿಗೆ ತಿರುಗುತ್ತದೆ. ಅನುಭವಸ್ಥ ಮಾಲಿಗಳ ಕ್ರಮ ಹೀಗೆ: ಮಳೆಗಾಲ ಮುಗಿದ ಮೇಲೆ ಉದ್ದ ಟಿಸಿಲುಗಳನ್ನು ಕತ್ತರಿಸಿ, ಹೊಸ ಚಿಗುರು ಬಲಿತ ಬಳಿಕ ನೀರು ನಿಲ್ಲಿಸುವುದು, ಎಲೆ ಸ್ವಲ್ಪ ಜೋಲು ಬಿದ್ದಾಗ ಒಮ್ಮೆ ನೀರು ಕೊಟ್ಟು ಮತ್ತೆ ನಿಲ್ಲಿಸುವುದು. ಕುಂಡದಲ್ಲಿರುವ ಗಿಡವಾದರೆ ಬೇರು ತುಂಬಿ ಇಕ್ಕಟ್ಟಾದಷ್ಟೂ ಒಳ್ಳೆಯದು. ಬಂಗಲೆಯ ಕಾಂಪೌಂಡಿನ ಬಳ್ಳಿಗೆ ಈ ಉಪಚಾರವೆಲ್ಲ ಯಜಮಾನರ ಗೈರುಹಾಜರಿಯಲ್ಲೇ ತಾನಾಗಿ ನಡೆದಿತ್ತು.

ಟಿಸಿಲೊಂದು ಇದ್ದಕ್ಕಿದ್ದಂತೆ ಬೇರೆ ಬಣ್ಣ ತೋರುವುದು ಈ ಬಳ್ಳಿಯ ಇನ್ನೊಂದು ಚಾಳಿ. ಒಂದೇ ಗಿಡದಲ್ಲಿ ಬಿಳಿಯನ್ನೂ ಕಡುಗುಲಾಬಿಯನ್ನೂ ಬಿಡುವ ‘ಮೇರಿ ಪಾಮರ್’ ತಳಿ ಕಲ್ಕತ್ತೆಯಲ್ಲಿ ಹೀಗೆ ದೊರೆತದ್ದು. ಅದರದೇ ಒಂದು ಟಿಸಿಲು ಲಾಲ್‌ಬಾಗಿನಲ್ಲಿ ಹಳದಿ-ಹಸಿರು ಮಿಶ್ರಿತ ಎಲೆ ಹೊತ್ತು ಬಂತು. ಅದಕ್ಕೆ ಇಟ್ಟ ಹೆಸರು ‘ತಿಮ್ಮ’. ದೊರೆಸಾನಿಯರ ಹೆಸರು ಹೊತ್ತ ತಳಿಗಳ ಸಾಲಿನಲ್ಲಿ ನಮ್ಮ ತಿಮ್ಮನೂ ನಿಂತಿರುವುದು ಸಂತೋಷದ ವಿಷಯ.

ಈ ಬಳ್ಳಿಯ ಕಡುಗೆಂಪು ವರ್ಣದ್ರವ್ಯ ಗುಲಾಬಿಯ ಅಥವಾ ದಾಸವಾಳದ ಕೆಂಪಿನ ಜಾತಿಯದಲ್ಲ. ಅಡುಗೆಮನೆಯಲ್ಲಿ ಬೀಟ್‌ರೂಟ್ ಹೆಚ್ಚಿದಾಗ ಕೈಗೆ ಹತ್ತುವ ಬಣ್ಣ, ಕೆಂಪು ದಂಟಿನ ಸೊಪ್ಪು ಬೇಯಿಸಿದಾಗ ಸಾರಿಗೆ ಇಳಿಯುವ ಬಣ್ಣ, ಇವುಗಳದೇ ಬಳಗ ಅದು. ಬೀಟಲೇನ್ ಎಂದು ಅದರ ಹೆಸರು. ಹೂಗಿಡಗಳ ಒಂದು ದೊಡ್ಡ ಬಣ ಮಾತ್ರ ಇದನ್ನು ತಯಾರಿಸುತ್ತದೆ. ಉಳಿದ ಗಿಡಗಳು ಕೆಂಪು-ನೀಲಿಗಳಿಗೆ ಆಂಥೊಸಯನಿನ್ ಎಂಬ ಬೇರೆ ದ್ರವ್ಯವನ್ನು ಬಳಸುತ್ತವೆ. ಎರಡನ್ನೂ ಮಾಡುವ ಗಿಡ ಪ್ರಕೃತಿಯಲ್ಲಿ ಈವರೆಗೆ ಕಂಡಿಲ್ಲ. ಬೀಟಲೇನ್ ಬಣದಲ್ಲಿ ಮರಳುಗಾಡಿನ, ಚೌಳುನೆಲದ, ಸುಡುಬಂಡೆಯ ಗಿಡಗಳೇ ಹೇರಳ. ಪಾಪಾಸುಕಳ್ಳಿಯೂ ಇದೇ ಬಣದ್ದು. ಬೇಸಗೆಯ ತೋಟಕ್ಕೆ ಹೂ ಆರಿಸುವವರು ಈ ನೆಂಟಸ್ತಿಕೆಯನ್ನು ನೆನಪಿಟ್ಟರೆ ಸಾಕು, ಅರ್ಧ ಪಟ್ಟಿ ಸಿದ್ಧವಾಗುತ್ತದೆ.

ಟೇಬಲ್ ರೋಸ್, ಹತ್ತು ಗಂಟೆ ಹೂವು ಎಂದೆಲ್ಲ ಕರೆಸಿಕೊಳ್ಳುವ ಪೋರ್ಚುಲಾಕ ಈ ಬಳಗದ್ದು. ಅರ್ಜೆಂಟೀನಾ, ಬ್ರೆಜಿಲ್ ಕಡೆಯ ಒಣನೆಲದಿಂದ ಬಂದ ಇದು ನಮ್ಮ ಗೋಣಿ ಸೊಪ್ಪಿನ ಸೋದರಿ. ಎರಡರ ಎಲೆಯೂ ದಪ್ಪ, ರಸಭರಿತ. ನೀರಿನ ಅಭಾವ ಬಂದಾಗ ಈ ಕುಲದ ಗಿಡಗಳು ಹಗಲು ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು ಕೂಡಿಡಬಲ್ಲವು. ಹಗಲು ಬಾಗಿಲು ಮುಚ್ಚಿದ್ದರಿಂದ ತೇವ ಹಾರಿಹೋಗುವುದಿಲ್ಲ. ಹೂ ಮಾತ್ರ ಬಿಸಿಲು ಏರಿದ ಮೇಲೆಯೇ ಅರಳುವುದು. ಒಡೆದ ಬಕೆಟ್, ಹಳೆಯ ಟೈರು, ಗೋಡೆಯ ಮೇಲಿನ ಸಂದು, ಎಲ್ಲಿ ಬೇಕಾದರೂ ಒಂದು ತುಂಡು ಚುಚ್ಚಿದರೆ ಹಿಡಿಯುತ್ತದೆ. ನೆರೆಮನೆಯವರಿಂದ ಬೇಡಿ ತಂದ ಕಡ್ಡಿಯಲ್ಲೇ ಇದರ ಸಂಸಾರ ಊರೆಲ್ಲ ಹಬ್ಬಿದೆ.

ಕೋಳಿಜುಟ್ಟಿನ ಹೂವು ಹೊಲದಲ್ಲಿ ತಾನಾಗಿ ಹುಟ್ಟುವ ಅಣ್ಣೆ ಸೊಪ್ಪಿನ ಬಂಧು. ಗಿಡದ ತುದಿಯಲ್ಲಿ ಚುಕ್ಕಿಯಂತಿರಬೇಕಾದ ಬೆಳವಣಿಗೆಯ ಬಿಂದು ಗೆರೆಯಂತೆ ಅಗಲವಾಗಿ ಹರಡಿಬಿಡುವುದರಿಂದ ಹೂತೆನೆ ಮಡಿಕೆ ಮಡಿಕೆಯಾಗಿ ಜುಟ್ಟಿನ ಆಕಾರ ತಾಳುತ್ತದೆ. ಗುಂಡಗಿನ ರುದ್ರಾಕ್ಷಿ ಹೂವು ಕಿತ್ತು ತಿಂಗಳಾದರೂ ಬಣ್ಣ ಬಿಡುವುದಿಲ್ಲ; ಅದೂ ಒಣಹಾಳೆಯಂಥ ಪುಷ್ಪಪತ್ರಗಳ ಉಂಡೆ. ಸಂಜೆ ಮಲ್ಲಿಗೆಗೆ ಹೆಸರಲ್ಲಿ ಮಲ್ಲಿಗೆಯಿದ್ದರೂ ಅದು ಕಾಗದದ ಹೂವಿನ ಹತ್ತಿರದ ಸಂಬಂಧಿ, ಹುಟ್ಟೂರು ಅಮೆರಿಕ. ನೆಲದಡಿ ಗೆಡ್ಡೆ ಇಟ್ಟುಕೊಂಡಿರುವುದರಿಂದ ಬರಗಾಲಕ್ಕೆ ಹೆದರುವುದಿಲ್ಲ. ಕೆಂಪು ಮತ್ತು ಬಿಳಿ ಹೂವಿನ ಗಿಡಗಳನ್ನು ಕೂಡಿಸಿದರೆ ಗುಲಾಬಿ ಹೂವಿನ ಮರಿ ಹುಟ್ಟುವುದನ್ನು ಜರ್ಮನಿಯ ಕಾರ್ಲ್ ಕೊರೆನ್ಸ್ ತೋರಿಸಿಕೊಟ್ಟದ್ದು ಇದೇ ಹೂವಿನಲ್ಲಿ. ಶಾಲೆಯ ಜೀವಶಾಸ್ತ್ರ ಪುಸ್ತಕದಲ್ಲಿ ಆ ಚಿತ್ರ ಬರೆದವರಲ್ಲಿ ಎಷ್ಟೋ ಮಂದಿಗೆ, ತಮ್ಮ ಹಿತ್ತಲಿನ ಗಿಡವೇ ಅದೆಂದು ಯಾರೂ ಹೇಳಿರಲಿಕ್ಕಿಲ್ಲ.

ಬೀಟಲೇನ್ ಬಣದ ಆಚೆಗೆ, ಬಿಸಿಲಿನ ಹೂವುಗಳ ಇನ್ನೊಂದು ದೊಡ್ಡ ತವರೆಂದರೆ ಮೆಕ್ಸಿಕೊ. ಜೀನಿಯಾ, ಕಾಸ್ಮಾಸ್, ಚೆಂಡು ಹೂವು ಮೂರೂ ಅಲ್ಲಿಯವು. ಮೂರೂ ಸೂರ್ಯಕಾಂತಿಯ ಕುಟುಂಬದವು. ಇವುಗಳಲ್ಲಿ ಒಂದು ಹೂವೆಂದು ನಾವು ಕೀಳುವುದು ವಾಸ್ತವದಲ್ಲಿ ಹತ್ತಾರು ಸಣ್ಣ ಹೂವುಗಳ ಒಂದು ಸಂತೆ.

ಚೆಂಡು ಹೂವು ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದದ್ದು. ಇಂದು ಆಯುಧಪೂಜೆಗೆ ಲಾರಿಯ ಮೂತಿಗೆ ಕಟ್ಟುವ ಹಾರ ನೋಡಿದವರಿಗೆ ಇದು ಪರದೇಶಿ ಎಂದರೆ ನಗು ಬಂದೀತು. ಮೆಕ್ಸಿಕೊದಲ್ಲಿಯೂ ಇದು ದೇವರ ಹೂವೇ. ಅಲ್ಲಿ ನವೆಂಬರ್ ಮೊದಲ ದಿನಗಳಲ್ಲಿ ತೀರಿಕೊಂಡವರನ್ನು ಮನೆಗೆ ಕರೆಯಲು ಇದರ ಎಸಳನ್ನು ದಾರಿಯುದ್ದಕ್ಕೂ ಚೆಲ್ಲುತ್ತಾರೆ. ಗುಂಡ್ಲುಪೇಟೆಯ ಸುತ್ತ ಹೊಲ ಹೊಲವೇ ಹಳದಿಯಾಗುವುದು ಪೂಜೆಗಾಗಿ ಮಾತ್ರವಲ್ಲ. ಎಸಳಿನಲ್ಲಿರುವ ಲ್ಯೂಟೀನ್ ಎಂಬ ಹಳದಿ ದ್ರವ್ಯವನ್ನು ತೆಗೆದು ಕೋಳಿ ಆಹಾರಕ್ಕೆ ಬೆರೆಸುತ್ತಾರೆ. ಮೊಟ್ಟೆಯ ಭಂಡಾರಕ್ಕೆ ಬಣ್ಣ ಏರುವುದು ಅದರಿಂದ. ಇದರ ಬೇರು ಸೂಸುವ ರಸ ಮಣ್ಣಿನಲ್ಲಿ ಬೇರುಗಂಟು ರೋಗ ತರುವ ಸೂಕ್ಷ್ಮ ದುಂಡುಹುಳುಗಳನ್ನು ಹತ್ತಿಕ್ಕುವುದರಿಂದ ಟೊಮೆಟೊ ಸಾಲಿನ ಜೊತೆ ಇದನ್ನು ನೆಡುವ ರೈತರೂ ಇದ್ದಾರೆ. ಕೈತೋಟದಲ್ಲಿ ಬದನೆ, ಮೆಣಸಿನ ಗಿಡಗಳ ಪಕ್ಕ ನಾಲ್ಕು ಚೆಂಡು ಹೂವಿದ್ದರೆ ನಷ್ಟವೇನೂ ಇಲ್ಲ.

ಅದೇ ಊರಿನ ಜೀನಿಯಾಕ್ಕೆ ಈ ಭಾಗ್ಯ ಒದಗಲಿಲ್ಲ. ಬಣ್ಣದಲ್ಲಿ ಚೆಂಡು ಹೂವಿಗಿಂತ ಒಂದು ಕೈ ಮೇಲಾದರೂ ಅದು ಬುಟ್ಟಿಗೆ ಬೀಳದೆ ಅಂಗಳದಲ್ಲೇ ಉಳಿಯಿತು. ಕಣ್ಣಿನ ರಚನೆಯನ್ನು ವಿವರವಾಗಿ ಬರೆದು, 31ರ ಹರೆಯದಲ್ಲೇ 1759ರಲ್ಲಿ ತೀರಿಕೊಂಡ ಯೋಹಾನ್ ಗಾಟ್‌ಫ್ರೀಡ್ ಜಿನ್ ಎಂಬ ಜರ್ಮನ್ ವೈದ್ಯನ ಹೆಸರನ್ನು ಲಿನೇಯಸ್ ಇದಕ್ಕೆ ಇಟ್ಟ. ಬೇಸಗೆಗೆ ಬೀಜದಿಂದ ಬೆಳೆಸುವ ಹೂವುಗಳಲ್ಲಿ ಹೊಸಬರು ಮೊದಲು ಹಿಡಿಯಬೇಕಾದದ್ದು ಇದನ್ನೇ. ಫೆಬ್ರವರಿಯಲ್ಲಿ ಬೀಜವನ್ನು ಇರಬೇಕಾದ ಜಾಗಕ್ಕೇ ನೇರ ಬಿತ್ತಿದರೆ ಎರಡು ತಿಂಗಳೊಳಗೆ ಹೂವು. ಗಿಡ ಅರ್ಧ ಅಡಿ ಬೆಳೆದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ನೀರನ್ನು ಬುಡಕ್ಕೆ ಮಾತ್ರ ಕೊಡಬೇಕು. ಎಲೆಯ ಮೇಲೆ ಸುರಿದರೆ ಎಲೆಯ ರೋಗಗಳಿಗೆ ಆಹ್ವಾನ ಕೊಟ್ಟಂತೆ.

ಅತಿ ನೀರಿನಿಂದ ಜೀನಿಯಾಕ್ಕೆ ಆದ ಅತ್ಯಂತ ಪ್ರಸಿದ್ಧ ತೊಂದರೆ ಭೂಮಿಯ ಮೇಲೆ ನಡೆದದ್ದೇ ಅಲ್ಲ. 2015ರ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆಳೆಸಿದ್ದ ಜೀನಿಯಾ ಗಿಡಗಳಿಗೆ ತೇವ ಹೆಚ್ಚಾಗಿ ಬೂಷ್ಟು ಹಿಡಿಯಿತು. ಗಗನಯಾತ್ರಿ ಸ್ಕಾಟ್ ಕೆಲಿ, ನೀರು ಯಾವಾಗ ಹಾಕಬೇಕೆಂಬುದನ್ನು ಭೂಮಿಯಿಂದ ಬರುವ ವೇಳಾಪಟ್ಟಿ ನೋಡಿ ಅಲ್ಲ, ಗಿಡ ನೋಡಿ ತಾನೇ ತೀರ್ಮಾನಿಸುತ್ತೇನೆಂದ. ಒಪ್ಪಿಗೆ ಸಿಕ್ಕಿತು. 2016ರ ಜನವರಿಯಲ್ಲಿ ಕಿತ್ತಳೆ ಬಣ್ಣದ ಹೂವರಳಿತು. ಹಳ್ಳಿಯ ಯಾವ ಅಜ್ಜಿಯಾದರೂ ಇದೇ ಸಲಹೆ ಕೊಡುತ್ತಿದ್ದಳು.

ಮೆಕ್ಸಿಕೊದಿಂದ ಬಲು ದೂರದ ಮಡಗಾಸ್ಕರ್ ದ್ವೀಪ ನಮ್ಮ ಬೇಸಗೆಗೆ ಎರಡು ಕಾಣಿಕೆ ಕೊಟ್ಟಿದೆ. ಒಂದು, ಮೇ ತಿಂಗಳಲ್ಲಿ ರಸ್ತೆಗಳಿಗೆ ಕೆಂಪು ಚಪ್ಪರ ಹಾಕುವ ಗುಲ್‌ಮೊಹರ್. ಅದು ಮರ, ಸಣ್ಣ ಅಂಗಳದ ಮಾತಲ್ಲ. ಇನ್ನೊಂದು ನಿತ್ಯಪುಷ್ಪ. ಕಾಶಿ ಕಣಗಿಲೆ, ಸದಾಪುಷ್ಪ ಎಂಬ ಹೆಸರುಗಳೂ ಇದಕ್ಕುಂಟು. ಮೋರಿಯ ಪಕ್ಕದಲ್ಲಿ, ಸಮಾಧಿಯ ಕಲ್ಲಿನ ಸಂದಿನಲ್ಲಿ, ಸುಣ್ಣ ಉದುರಿದ ಗೋಡೆಯ ಬುಡದಲ್ಲಿ ವರ್ಷವಿಡೀ ಬಿಳಿ-ಗುಲಾಬಿ ಹೂ ಬಿಡುವ ಈ ಗಿಡಕ್ಕೆ ಬೆಲೆ ಕಟ್ಟಿದವರು ಕಡಿಮೆ. ಇದರ ಎಲೆ ಸಕ್ಕರೆ ಕಾಯಿಲೆಗೆ ಮದ್ದೆಂದು ಹಲವು ದೇಶಗಳ ನಾಟಿ ವೈದ್ಯರು ನಂಬಿದ್ದರು. 1952ರಲ್ಲಿ ಜಮೈಕಾದಿಂದ ಒಂದು ಪೊಟ್ಟಣ ಎಲೆ ಕೆನಡಾಕ್ಕೆ ಹೋಯಿತು. ಅಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಇಲಿಗಳ ರಕ್ತದಲ್ಲಿ ಬಿಳಿಕಣಗಳು ಇಳಿದವು. ಬಿಳಿಕಣ ಮಿತಿಮೀರುವುದೇ ರಕ್ತದ ಕ್ಯಾನ್ಸರಿನಲ್ಲಲ್ಲವೆ? ಆ ಜಾಡು ಹಿಡಿದು ಬಂದವು ವಿನ್‌ಬ್ಲಾಸ್ಟೀನ್, ವಿನ್‌ಕ್ರಿಸ್ಟೀನ್ ಎಂಬ ಔಷಧಿಗಳು. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟೀನ್ ಇಂದಿಗೂ ಬಳಕೆಯಲ್ಲಿದೆ. ನೂರಾರು ಕಿಲೋ ಒಣಎಲೆಯಿಂದ ಸಿಗುವುದು ಗ್ರಾಮಿನ ಲೆಕ್ಕದಲ್ಲಿ. ಹಾಗೆಂದು ಎಲೆಯನ್ನು ಕಿತ್ತು ಅಗಿಯಬಾರದು, ಗಿಡ ವಿಷಯುಕ್ತ. ಕಣಗಿಲೆಯಂತೂ ಇನ್ನೂ ಘೋರ ವಿಷ. ಆಡುಗಳಿಗಿರುವ ಈ ತಿಳಿವಳಿಕೆ ಮಕ್ಕಳಿರುವ ಮನೆಯವರಿಗೂ ಇರಬೇಕು. ನಿತ್ಯಪುಷ್ಪ ಸಾಯುವುದು ಬಾಯಾರಿಕೆಯಿಂದಲ್ಲ, ಬುಡದಲ್ಲಿ ನೀರು ನಿಂತು ಬೇರು ಕೊಳೆತು.

ಬೇಸಗೆಯಲ್ಲಿ ನೀರು ಕೇಳುವ ಸುಂದರಿ ಒಬ್ಬಳಿದ್ದಾಳೆ: ಕ್ಯಾನಾ. ಕಾಬಾಳೆ, ಹೂಬಾಳೆ ಎಂದು ಹೇಳುವವರೂ ಉಂಟು. ಇದೂ ಅಮೆರಿಕದ್ದೇ, ಆದರೆ ಅಲ್ಲಿನ ಜವುಗುನೆಲದ್ದು. ಬಾವುಟದಂತೆ ಹರಡುವ ಅದರ ಕೆಂಪು-ಹಳದಿ ಭಾಗಗಳೂ ಎಸಳುಗಳಲ್ಲ, ರೂಪ ಬದಲಿಸಿದ ಕೇಸರಗಳು. ಇದಕ್ಕೆ ಕುಡಿಯುವ ನೀರು ಕೊಡುವ ಅಗತ್ಯವಿಲ್ಲ. ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆ, ಕೆಸುವಿನ ಜೊತೆಗೆ ಇದನ್ನೂ ನೆಡುತ್ತಿದ್ದರು. ಇಂದು ಮನೆಬಳಕೆಯ ಕೊಳೆನೀರನ್ನು ಶುದ್ಧಗೊಳಿಸಲು ಎಂಜಿನಿಯರುಗಳು ಜಲ್ಲಿ ತುಂಬಿದ ತೊಟ್ಟಿಗಳಲ್ಲಿ ಕ್ಯಾನಾ ನೆಡುತ್ತಾರೆ. ಅಜ್ಜಿಯಂದಿರ ಬಚ್ಚಲ ಹಿಂದಿನ ವ್ಯವಸ್ಥೆಗೆ ಈಗ ನಕ್ಷೆ ಮತ್ತು ಅಂದಾಜುಪಟ್ಟಿ ಬಂದಿದೆ. ಬಚ್ಚಲ ನೀರಲ್ಲಿ ಬ್ಲೀಚಿಂಗ್ ಪುಡಿ, ಫಿನಾಯಿಲ್ ಬೆರೆಯದಂತೆ ನೋಡಿಕೊಂಡರಾಯಿತು.

ಇಷ್ಟೆಲ್ಲ ಪರದೇಶದವರ ಪುರಾಣವಾಯಿತು, ನಮ್ಮ ನೆಲದ ಹೂವುಗಳಿಗೆ ಬಣ್ಣವೇ ಇರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಇತ್ತು, ಅದು ಕಾಡಿನ ಮರಗಳ ಮೇಲಿತ್ತು. ಮುತ್ತುಗ, ಕಕ್ಕೆ, ಬೂರುಗಗಳು ಬೇಸಗೆಯಲ್ಲೇ ಉರಿಯುವುದು. ಹಿತ್ತಲಿಗೆ ಬಂದು ಒಗ್ಗಿದ ಬೇಸಗೆಯ ಹೂ ಮಲ್ಲಿಗೆ, ಅದು ಬಿಳಿ. ಸಂಜೆ ಬಿರಿದು ರಾತ್ರಿಯ ಪತಂಗಗಳನ್ನು ಕರೆಯುವ ಹೂವಿಗೆ ಕತ್ತಲಲ್ಲಿ ಬಣ್ಣದಿಂದ ಪ್ರಯೋಜನವಿಲ್ಲ, ಪರಿಮಳ ಬೇಕು. ಹಗಲಿನ ಜೇನು, ಚಿಟ್ಟೆ, ಸೂರಕ್ಕಿಗಳನ್ನು ಕರೆಯುವ ಹೂವಿಗೆ ಬಣ್ಣ ಬೇಕು. ಈ ಎರಡನೆಯ ಗುಂಪಿನಲ್ಲಿ ಅಚ್ಚ ನಮ್ಮದಾದ ಒಂದು ಹೂವಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಮೂಲದ ಕನಕಾಂಬರ, ಕರಾವಳಿಯವರ ಅಬ್ಬಲಿಗೆ. ಕಂಪು ಇಲ್ಲದ್ದಕ್ಕೇ ಅದನ್ನು ಮಲ್ಲಿಗೆಯ ಜೊತೆ ಕಟ್ಟುವ ಪದ್ಧತಿ ಬಂದಿರಬೇಕು; ಒಂದು ಕಣ್ಣಿಗೆ, ಒಂದು ಮೂಗಿಗೆ. ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗದಲ್ಲಿಟ್ಟು ಎರಡು ದಿನಕ್ಕೊಮ್ಮೆ ಅಕ್ಕಿ ತೊಳೆದ ನೀರು ಹಾಕಿದರೂ ಇದು ಬೇಸಗೆಯುದ್ದಕ್ಕೂ ಹೂ ಕೊಡುತ್ತದೆ. ಇದರ ಒಣತೆನೆಗೆ ಹನಿ ನೀರು ಸೋಕಿದರೆ ಬೀಜಕೋಶ ಪಟಪಟನೆ ಸಿಡಿಯುತ್ತದೆ. ಮಕ್ಕಳಿಗೆ ಅದೊಂದು ಆಟ; ಗಿಡಕ್ಕೆ ಅದು ಮಳೆ ಬಂತೆಂಬ ಸೂಚನೆ, ಬೀಜ ಎಸೆಯಲು ತಕ್ಕ ಸಮಯ.

ಇರುವ ಅಲ್ಪ ನೀರನ್ನು ಉಳಿಸಿಕೊಳ್ಳುವ ಉಪಾಯಗಳು ಹೊಸವೇನಲ್ಲ. ಗಿಡದ ಬುಡಕ್ಕೆ ಎರಡು ಅಂಗುಲ ದಪ್ಪ ತರಗೆಲೆ ಅಥವಾ ತೆಂಗಿನ ನಾರು ಹಾಸಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ. ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗುತ್ತದೆ, ಬೇರಿಗೆ ತಂಪು. ಪ್ಲಾಸ್ಟಿಕ್ ಕುಂಡದಲ್ಲಿ ನೀರು ಉಳಿದರೂ ಬಿಸಿಲಿಗೆ ಬೇರು ಕಾಯುತ್ತದೆ. ಕುಂಡಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ನೆರಳು ಇನ್ನೊಂದಕ್ಕೆ. ನೀರು ಹಾಕುವುದಾದರೆ ಬೆಳಗಿನ ಜಾವ, ಮತ್ತು ಬೆರಳು ಚುಚ್ಚಿ ನೋಡಿದ ಮೇಲೆ.

ಮೇ ಕೊನೆಗೆ ಜೀನಿಯಾದ ಹಳೆಯ ಹೂವುಗಳು ಗಿಡದಲ್ಲೇ ಕಂದಿ ಗರಿಗರಿಯಾಗುತ್ತವೆ. ಆಗ ಅವನ್ನು ಕಿತ್ತು, ಉದುರಿಸಿ, ಹಳೆಯ ಪತ್ರಿಕೆಯ ತುಂಡಿನಲ್ಲಿ ಪೊಟ್ಟಣ ಕಟ್ಟಿ, ಹೂವಿನ ಬಣ್ಣವನ್ನು ಮೇಲೆ ಬರೆದಿಡಬೇಕು. ಮಿಶ್ರತಳಿಯ ಬೀಜವಾಗಿದ್ದರೆ ಮುಂದಿನ ವರ್ಷ ಬರೆದ ಬಣ್ಣವೇ ಬರುತ್ತದೆಂಬ ಭರವಸೆಯಿಲ್ಲ. ಅಷ್ಟರಲ್ಲಿ ಮೊದಲ ದೊಡ್ಡ ಮಳೆ ಬಿದ್ದು ಕಾಗದದ ಹೂವಿನ ಹಾಳೆಗಳು ಕಾಂಪೌಂಡಿನ ಬುಡದಲ್ಲಿ ರಾಶಿಯಾಗಿರುತ್ತವೆ. ಬಳ್ಳಿ ಎಲೆಗೆ ತಿರುಗಿರುತ್ತದೆ.